ಕೆಂಪು ಕಾರಿನ ಎರಡನೇ ಸೀಟು

ಬ್ಲೋವರ್ ಸತ್ತಿತ್ತು.

ನರೇಂದ್ರ ಗುಂಡಿಯನ್ನು ತಿರುಗಿಸಿ ನೋಡಿದ— ಮೆಲ್ಲಗೆ, ಜೋರಾಗಿ, ಮತ್ತೆ ಮೆಲ್ಲಗೆ. ಉಸಿರಿಲ್ಲ. ಸಾದಲಿಯ ಮಂಜು ಮುಂದಿನ ಗಾಜನ್ನು ಮುಚ್ಚಿತ್ತು. ಒರೆಸಿದರೆ ಒಳಗಿನಿಂದ ಮತ್ತೆ ಹಬೆ. ಬ್ಲೋವರಿನ ಬಿಸಿಗಾಳಿ ಇಲ್ಲದೆ ದಾರಿ ಕಾಣುವಂತಿರಲಿಲ್ಲ. ಗೌರಿಬಿದನೂರಿನ ಹಳೆ ಕಾರುಗಳ ಮೇಳಕ್ಕೆ ಹೊರಟ ಕಾರು ಅಂಗಳದಲ್ಲೇ ನಿಂತಿತು.

"ನಿನ್ನೆ ಸಂಜೆ ನೆಟ್ಟಗಿತ್ತು." ನರೇಂದ್ರ ಹೆಂಡತಿಯ ಕಡೆ ತಿರುಗಿದ. "ನೀನೇ ತಾನೆ?"

ಮೌನಿಕಾ ಬಾಗಿಲಿಗೆ ಒರಗಿ ನಿಂತಿದ್ದಳು. ಆ ಕಾರು ಕಂಡರೆ ಅವಳಿಗೆ ಹೊಟ್ಟೆ ಉರಿಯುವುದು ಊರಿಗೇ ಗೊತ್ತು. ಇಪ್ಪತ್ತೈದು ವರ್ಷ ಹಳೆಯ ಸ್ಪೋರ್ಟ್ಸ್ ಕಾರು. ಇರುವುದೇ ಎರಡು ಸೀಟು. ಎರಡನೆಯದರಲ್ಲಿ ಯಾವಾಗಲೂ ಗಂಡನ ಗೆಳೆಯ ರಘುನಂದನ್. ಮೇಳಕ್ಕೆಂದು ರಾತ್ರಿ ಇಲ್ಲೇ ಉಳಿದವನು ಈಗಲೂ ಕಾರಿನ ಪಕ್ಕ ನಿಂತಿದ್ದ. ನಿನ್ನೆ ಚಿಂತಾಮಣಿಯ ಮದುವೆಗೂ ಗೆಳೆಯರಿಬ್ಬರು ಕಾರಿನಲ್ಲಿ, ಸೆಂಟು ಹಾಕಿಕೊಂಡು ಸಿಂಗರಿಸಿಕೊಂಡ ಹೆಂಡತಿ ಬಸ್ಸಿನಲ್ಲಿ. ಸಾಲದ್ದಕ್ಕೆ, ಸಂಜೆ ವಾಪಸ್ ಬಂದರೆ, ರೇಷ್ಮೆ ಹುಳುವಿಗೆ ಸೆಂಟಿನ ವಾಸನೆ ಆಗದೆಂದು, ಮಾವ ವೆಂಕಟರಾಮಪ್ಪ ಅವಳನ್ನೂ, ಸೆಂಟು ಬಳಿದುಕೊಂಡಿದ್ದ ಮಗ ನರೇಂದ್ರನನ್ನೂ ಹುಳುಮನೆಯ ಹೊಸ್ತಿಲು ತುಳಿಯಗೊಡಲಿಲ್ಲ. ಆ ಸಿಟ್ಟಿಗೆ ಅವಳು ಎಲ್ಲರೆದುರು ಅಂದುಬಿಟ್ಟಿದ್ದಳು: "ಒಂದಿನ ಈ ಕಾರಿಗೆ ಬೆಂಕಿ ಇಡ್ತೀನಿ, ನೋಡ್ತಿರಿ."

"ನಾನು ಮುಟ್ಟಿಲ್ಲ ಕಣ್ರೀ."

"ಇನ್ಯಾರು ಮುಟ್ತಾರೆ? ನೀನೇ ಅಂತ ಗೊತ್ತಾದ್ರೆ ಕಾರನ್ನ ಚಿಕ್ಕಬಳ್ಳಾಪುರದಲ್ಲಿ ರಘು ಮನೇಲಿ ಬಿಡ್ತೀನಿ. ಶನಿವಾರ, ಭಾನುವಾರ ನಾನೂ ಅಲ್ಲೇ ಇರ್ತೀನಿ."

ಆಫೀಸಿಲ್ಲದ ಆ ಎರಡು ದಿನವಷ್ಟೇ ಗಂಡ ಅವಳ ಪಾಲಿಗೆ. ಅದೂ ಹೋಯಿತೆ?

ನರೇಂದ್ರ ಯಾಮಿನಿಗೆ ಫೋನ್ ಮಾಡಿ ಎಲ್ಲ ಹೇಳಿದ. ಅಪಘಾತವಾದ ಗಾಡಿಗಳನ್ನು ಪರೀಕ್ಷಿಸಿ ವಿಮಾ ಕಂಪನಿಗೆ ವರದಿ ಕೊಡುವವಳು. ಕಾಲೇಜಿನಲ್ಲಿ ಅವನ ಜೊತೆ ಓದಿದವಳು. ಅವಳ ಹೆಸರು ಹೇಳುವಾಗ ಅವನ ದನಿ ತುಸು ಮೆತ್ತಗಾಗುತ್ತದೆ. ಮೌನಿಕಾ ಅದನ್ನೂ ಗಮನಿಸಿದ್ದಳು.

ಬಂದವಳೇ ಯಾಮಿನಿ ಎರಡನೇ ಸೀಟಿನಲ್ಲಿ ಕೂತಳು. ಎಷ್ಟು ಸಲೀಸಾಗಿ.

"ಫ್ಯೂಸು?"

"ನೋಡ್ದೆ. ಸರಿ ಇದೆ."

"ಪೂರ್ತಿ ಜೋರಿಗಿಟ್ರೂ ತಿರುಗಲ್ವಾ?"

"ಊಹೂಂ."

"ಹಾಗಾದ್ರೆ ವೇಗ ತಗ್ಗಿಸೋ ರೆಸಿಸ್ಟರ್ ಅಲ್ಲ. ಅದು ಸುಟ್ಟಿದ್ರೂ ಪೂರ್ತಿ ಜೋರಲ್ಲಾದ್ರೂ ತಿರುಗೋದು."

ಸೀಟಿನ ಮುಂದಿನ ಗ್ಲವ್ ಬಾಕ್ಸ್ ಬಿಚ್ಚಿ ಟೆಸ್ಟ್ ಲ್ಯಾಂಪ್ ಹಿಡಿದಳು. ಬೆಳಗಿತು. "ಮೋಟರ್‌ವರೆಗೂ ಕರೆಂಟು ಬರ್ತಿದೆ. ವಾಪಸ್ ಹೋಗಬೇಕಾದ್ದು ಅರ್ತ್ ವೈರಲ್ಲಿ. ಆ ದಾರಿ ಇಲ್ಲ." ಕೈ ಇನ್ನೂ ಒಳಗೆ ಹೋಯಿತು. ಅರ್ತ್ ವೈರನ್ನು ಯಾರೋ ಬೋಲ್ಟಿನಿಂದ ಬಿಚ್ಚಿದ್ದರು. ತುದಿಗೆ ಕರಿ ಟೇಪು, ಅಚ್ಚುಕಟ್ಟಾಗಿ. ಟೇಪಿನ ಅಂಚಿನಲ್ಲಿ ಕೂದಲೆಳೆಯಷ್ಟು ಬಿಳಿ; ಯಾಮಿನಿ ಅದನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ರಘುನಂದನ್, 'ಕಾರು ನಂಗೆ ಮಾರು' ಅಂತ ನರೇಂದ್ರನಿಗೆ ಗಂಟುಬಿದ್ದಿದ್ರಂತೆ?" ಎಂದಳು ಯಾಮಿನಿ.

"ಕೊಳ್ಳೋ ಕಾರನ್ನ ಕೆಡಿಸ್ತೀನಾ ಮೇಡಂ?"

"ಬೆಲೆ ಇಳೀಲಿ ಅಂತ ಕೆಡಿಸೋರಿದ್ದಾರೆ. ನಿನ್ನೆ ಹುಳುಮನೆಗೆ ಹೋಗಿದ್ರಾ?"

"ಹೊರಗಿನೋರನ್ನ ಅಲ್ಲಿಗೆಲ್ಲಿ ಬಿಡ್ತಾರೆ?"

ಈ ಪ್ರಶ್ನೆ ಯಾಕೆ ಎಂದು ಯಾರಿಗೂ ಹೊಳೆಯಲಿಲ್ಲ. ಯಾಮಿನಿ ಮೌನಿಕಾಳ ಕಡೆ ತಿರುಗಿದಳು. "ಬೆಂಕಿ ಇಡ್ತೀನಿ ಅಂದಿದ್ರಾ?"

"ಅಂದೆ. ಬೆಂಕಿ ಇಡೋಳು ವೈರಿಗೆ ಟೇಪು ಸುತ್ತುತಾ ಕೂರ್ತೀನಾ?"

"ನಾನೂ ಅದನ್ನೇ ಯೋಚಿಸ್ತಿದ್ದೆ."

ಹುಳುಮನೆಯ ಬಾಗಿಲಲ್ಲಿ ವೆಂಕಟರಾಮಪ್ಪ ಸುಮ್ಮನೆ ಕೂತಿದ್ದರು. ಹುಳು ಜ್ವರಕ್ಕೆ ಕೂತಿದ್ದವು— ಕಾಯಿಲೆಯಲ್ಲ, ಪೊರೆ ಬಿಡುವ ಮುಂಚಿನ ನಿದ್ದೆ. ಪೊರೆ ಬಿಡುವವರೆಗೆ ಅವಕ್ಕೆ ಸೊಪ್ಪು ಬೇಡ.

"ಜ್ವರಕ್ಕೆ ಕೂತಾಗ ಹುಳುವಿನ ಮೇಲೆ ಏನೋ ಚೆಲ್ತಾರಲ್ಲ ಯಜಮಾನ್ರೆ?"

"ಸುಣ್ಣದ ಪುಡಿ ಕಣಮ್ಮ. ಹಾಸಿಗೆ ಒಣಗಿರ್ಲಿ ಅಂತ."

"ನಿನ್ನೆ ಸಂಜೆ ಚೆಲ್ಲಿದ್ದು?"

"ನಾನೇ. ಈ ಸೆಂಟಿನೋರನ್ನ ಒಳಗೆ ಬಿಡಕ್ಕಾಗ್ತದಾ?"

ಯಾಮಿನಿ ಟೇಪನ್ನು ನಿಧಾನವಾಗಿ ಸುಲಿದಳು. ಹೊರಮೈ ಒರೆಸಿಟ್ಟಂತೆ ಕಪ್ಪಗಿತ್ತು. ಅಂಟಿರುವ ಒಳಮೈಯಲ್ಲಿ— ಹೆಬ್ಬೆಟ್ಟಿನಗಲ ಬಿಳಿ.

"ಟೇಪು ಹರಿಯುವಾಗ ಬೆರಳು ಅಂಟಿನ ಮೇಲೇ ಬೀಳತ್ತೆ. ಹೊರಗಿನ ಸುಣ್ಣ ಒರೆಸಬಹುದು, ಒಳಗಿನದು ಅಲ್ಲೇ ಉಳಿಯತ್ತೆ. ನಿನ್ನೆ ಸುಣ್ಣದ ಕೈ ಇದ್ದಿದ್ದು ಒಬ್ಬರದ್ದೇ. ಇನ್ನೊಂದು— ಹಗೆಯಿಂದ ಕೆಡಿಸೋರು ವೈರು ಕತ್ತರಿಸಿ ಬಿಸಾಕ್ತಾರೆ. ಇದು ಕಾರು ಹೊರಡದಿದ್ರೆ ಸಾಕು, ಮಗನಿಗೆ ಮಾತ್ರ ಏನೂ ಆಗಬಾರದು ಅನ್ನೋರ ಕೆಲಸ. ಹೋದ ತಿಂಗಳು ಬ್ಲೋವರ್ ಬಿಚ್ಚಿದ್ದೆ ಅಂದ್ಯಲ್ಲ, ಆಗ ಟಾರ್ಚ್ ಹಿಡಿದು ವೈರೆಲ್ಲ ನೋಡಿದ್ದು ಯಾರು ನರೇಂದ್ರ?"

ನರೇಂದ್ರ ಹುಳುಮನೆಯ ಬಾಗಿಲ ಕಡೆ ತಿರುಗಿದ. "ಅಪ್ಪ?"

"ಟಾರ್ಚ್ ಹಿಡಿಯಕ್ಕೆ ಅಪ್ಪ ಬೇಕು," ಎಂದರು ವೆಂಕಟರಾಮಪ್ಪ. "ಪಕ್ಕದಲ್ಲಿ ಕೂರಕ್ಕೆ ರಘು. ಕಾರು ತಂದು ಎರಡು ವರ್ಷ ಆಯ್ತು, ಒಂದಿನ ಹತ್ತಪ್ಪ ಅಂದ್ಯಾ? ಇವನು ಕಾಲು ಚಾಚ್ಕೊಂಡು ಕೂರೋದು ನೋಡಿದ್ರೆ ನಂಗೆ ಇಲ್ಲಿ ಉರೀತದೆ ಕಣೋ. ನೀವು ಊಟಕ್ಕೆ ಕೂತಿದ್ರಿ, ಕೈ ತಡೀಲಿಲ್ಲ." ಆಮೇಲೆ ಸೊಸೆಯ ಕಡೆ ತಿರುಗಿದರು, ದನಿ ಇಳಿಯಿತು. "ನಿನ್ನ ಮೇಲೆ ಬಂದಾಗಲಾದ್ರೂ ಬಾಯಿ ಬಿಡ್ಬೇಕಿತ್ತು. ತಪ್ಪಾಯ್ತು ಮೌನಿಕಮ್ಮ."

ಮೌನಿಕಾ ಮಾವನನ್ನೇ ನೋಡಿದಳು. ಈ ಮನೆಯಲ್ಲಿ ಆ ಉರಿ ತನ್ನೊಬ್ಬಳದೇ ಎಂದುಕೊಂಡಿದ್ದಳು.

ಯಾಮಿನಿ ಬೋಲ್ಟು ಬಿಗಿದಳು. ಬ್ಲೋವರ್ ಕೆಮ್ಮಿ, ಬೀಸತೊಡಗಿತು. ಗಾಜು ತಿಳಿಯಾಯಿತು. ನರೇಂದ್ರ ಹೆಂಡತಿಯ ಹತ್ತಿರ ಬಂದ, ಮುಖ ನೋಡಲಾಗಲಿಲ್ಲ. "ನಂದೂ ತಪ್ಪಾಯ್ತು ಕಣೇ. ಕಾರು ಇಲ್ಲೇ ಇರತ್ತೆ, ನಾನೂ." ಹೋಗಿ ಎಡಬಾಗಿಲು ತೆಗೆದ. "ಹತ್ತಪ್ಪ."

"ಪಂಚೆಯೆಲ್ಲ ಸುಣ್ಣ ಕಣೋ."

"ಆಗ್ಲಿ ಹತ್ತಪ್ಪ."

ರಘುನಂದನ್ ಬಸ್‌ಸ್ಟ್ಯಾಂಡಿನ ಕಡೆ ಕಾಲು ಹಾಕಿದ. ಕಾರು ಅಂಗಳ ದಾಟಿತು. ಎರಡನೇ ಸೀಟಿನಲ್ಲಿ ಮಾವ ಮದುಮಗನ ಹಾಗೆ ನೆಟ್ಟಗೆ ಕೂತಿದ್ದರು. ಕೆಂಪು ಬಣ್ಣ ಮಂಜಿನಲ್ಲಿ ಕರಗುವವರೆಗೂ ಮೌನಿಕಾ ನೋಡಿದಳು. ಪಾಪ, ಅನ್ನಿಸಿತು. ಆ ಪಾಪ ಮುಗಿಯುವ ಮುಂಚೆಯೇ ಹೊಟ್ಟೆಯಲ್ಲಿ ಅದೇ ಹಳೆಯ ಬಿಸಿ ಎದ್ದಿತು.

"ಕಾಫಿ ಕುಡೀತೀರಾ ಯಾಮಿನಿ ಅವರೇ?"

"ಕೊಡಿ, ಕುಡಿಯೋಣ."

ಮೌನಿಕಾ ಒಳಗೆ ಹೋಗಲು ತಿರುಗಿದವಳು ನಿಂತಳು.

"ಅದ್ಯಾವ ವೈರು ಅಂದ್ರಿ?"