ಅಜ್ಜಿ ಹೇಳಿದ ಐದು ಹೆಸರು

ನಂಬುವುದು ಬಿಡುವುದು ನಿಮ್ಮಿಷ್ಟ. ರೆಕಾರ್ಡಿಂಗ್ ಮಾತ್ರ ಇನ್ನೂ ನನ್ನ ಮೊಬೈಲಿನಲ್ಲಿದೆ.

ಮಗಳಿಗೆ ಹೆಸರಿಡಲು ಎರಡು ದಿನವಿತ್ತು. ಅಷ್ಟರೊಳಗೆ ನಮ್ಮ ವಂಶವೃಕ್ಷ ಬರೆದು ತೊಟ್ಟಿಲ ಹಿಂದಿನ ಗೋಡೆಗೆ ಹಚ್ಚುವ ಹುಚ್ಚು ನನಗೆ. ಮನೆಯ ಹಿರಿಯರಿಂದಲೇ ಶುರು ಮಾಡಬೇಕಂತಾರಲ್ಲ? ಪುಣೆಯ ಮಗರಪಟ್ಟಾದ ನಮ್ಮ ಫ್ಲ್ಯಾಟಿನಲ್ಲಿ ಮಟಮಟ ಮಧ್ಯಾಹ್ನ, ಅಪ್ಪನ ತಾಯಿ ಕಲ್ಲವ್ವಜ್ಜಿಯ ಮುಂದೆ ಮೊಬೈಲ್ ಇಟ್ಟು ಕೂತೆ.

"ನಿನ್ನ ಮಕ್ಕಳ ಹೆಸರು ಹೇಳ್ಕೋತ ಹೋಗಜ್ಜಿ."

"ಬರಕೋ. ಐದೂ ಗಂಡು, ಹುಲಿಯಂಥಾವು! ಶಿವರುದ್ರಪ್ಪ, ನಿಮ್ಮಪ್ಪ. ಆಮ್ಯಾಲ ಅಂಬಣ್ಣ..."

ಒಂದೊಂದು ಹೆಸರಿಗೂ ಅಜ್ಜಿ ತುಸು ತಡೆಯುತ್ತಿದ್ದಳು. ಆಗೆಲ್ಲ ನನ್ನ ಪಾದಗಳು ತಣ್ಣಗಾಗಿ, ಹಸಿ ಮಣ್ಣಿನ ವಾಸನೆ ಬರುತ್ತಿತ್ತು. ಐದನೆಯ ಹೆಸರು ಮುಗಿದದ್ದೇ ತಡ, ಶಾಸ್ತ್ರಕ್ಕೆ ತಂದಿಟ್ಟಿದ್ದ ಖಾಲಿ ತೊಟ್ಟಿಲ ಕೆಳಗಿನಿಂದ ಎಳೆಯ ದನಿ ಕೇಳಿತು:

"ನಾ?"

ನನ್ನ ಹನ್ನೊಂದು ದಿನದ ಕೂಸು ನನ್ನ ಮಡಿಲಲ್ಲೇ ನಿದ್ದೆ ಮಾಡುತ್ತಿತ್ತು.

ಅಜ್ಜಿ ಬೆಚ್ಚಲಿಲ್ಲ. ಅಡಿಕೆ ಕತ್ತರಿಸುತ್ತಲೇ ತೊಟ್ಟಿಲ ಕಡೆ ನೋಡಿ ಅಂದಳು: "ಹೆಣ್ಣಂತ ನಿನಗ ಹಾಲ ಸೈತ ಕುಡಸಲಿಲ್ಲ, ಹೆಸರ ಎಲ್ಲಿಂದ ಇಡ್ಲಿ? ಸುಮ್ನ ಕೂಡು."

ತೊಟ್ಟಿಲ ಕೆಳಗೆ ಯಾರೋ ಕುಸಿದು ಕೂತ ಸದ್ದಾಯಿತು.

ಮಗಳಿಗೆ ಓವಿ ಎಂದು ಹೆಸರಿಟ್ಟೆವು. ಆ ದೀಪಾವಳಿಗೆ ಅಜ್ಜಿ ತೀರಿಕೊಂಡಳು. ಓವಿಗೀಗ ಎರಡು ವರ್ಷ. ಹೆಸರು ಹಿಡಿದು ಕರೆದರೆ ಇವತ್ತಿನವರೆಗೆ ಒಮ್ಮೆಯೂ ತಿರುಗಿಲ್ಲ. ಕಿವಿ ಚೆನ್ನಾಗಿದೆ ಅನ್ನುತ್ತಾರೆ ಡಾಕ್ಟರು. ಆದರೆ ಆ ರೆಕಾರ್ಡಿಂಗ್ ಹಚ್ಚಿದರೆ, ಅಜ್ಜಿಯ "ಸುಮ್ನ ಕೂಡು" ಬಂದೊಡನೆ, ಯಾವ ಕೋಣೆಯಲ್ಲಿದ್ದರೂ ಅಲ್ಲೇ ಕೂತುಬಿಡುತ್ತಾಳೆ.