ಎರೂವ್ ತಂತಿ ಕಡಿದವರು

ಭಾನುವಾರ ಬೆಳಿಗ್ಗೆ ಫೈವೆಲ್ ತಬಾಕ್ ಟೆನ್‌ಬ್ರೂಕ್ ಠಾಣೆಗೆ ಬಂದು ಮೇಜಿನ ಮೇಲೆ ಮೊಳದುದ್ದದ ತಂತಿ ಇಟ್ಟ. ಯಹೂದಿ ಬಡಾವಣೆಯ ಸುತ್ತ ಕಂಬದಿಂದ ಕಂಬಕ್ಕೆ ಎಳೆದಿರುವ ಎರೂವ್ ತಂತಿಯನ್ನು ವಾರವಾರ ಪರೀಕ್ಷಿಸುವವನು ಅವನೇ.

“ಯಾರೋ ಕತ್ತರಿಸಿದ್ದಾರೆ ಮೇಡಂ. ಮಿಲ್ ರೋಡ್ ಕಂಬದಲ್ಲಿ.”

ಕಾನ್‌ಸ್ಟೆಬಲ್ ಪ್ರೂಯಿಟ್ ನಕ್ಕ. “ಎಷ್ಟು ಮನೆ ಕರೆಂಟ್ ಹೋಯ್ತು?”

“ಕರೆಂಟ್ ಹೋಗಿದ್ರೆ ವಾಸಿ ಇತ್ತು ಕಣಪ್ಪ. ಆ ತಂತೀನೇ ನಮಗೆ ಬೇಲಿ. ಅದಿದ್ರೆ ಮಾತ್ರ ಶಬ್ಬಾತ್ ದಿನ, ಅಂದ್ರೆ ಶನಿವಾರ, ನಾವು ಬೀದೀಲಿ ಏನಾದ್ರೂ ಹೊರಬಹುದು, ತಳ್ಳಬಹುದು. ಹರಿದ್ರೆ ಕೈಲಿ ಕರವಸ್ತ್ರ ಇದ್ರೂ ಪಾಪ. ನಿನ್ನೆ ಇಡೀ ಕೇರಿ ಮಗು, ಪಾತ್ರೆ, ಪುಸ್ತಕ ಹೊತ್ಕೊಂಡು ಓಡಾಡಿದೆ, ಗೊತ್ತಿಲ್ದೆ.”

ಇನ್‌ಸ್ಪೆಕ್ಟರ್ ಲೊರೆಟ್ಟಾ ಮಗ್ವಾಯರ್ ನಗಲಿಲ್ಲ. ಶನಿವಾರ ಸಂಜೆ ಅದೇ ಜಾಗದಲ್ಲಿ ಜೋತುಬಿದ್ದ ತಂತಿಗೆ ಸಿಕ್ಕಿ ಸೈಕಲ್ ಸವಾರನೊಬ್ಬ ಭುಜದ ಮೂಳೆ ಮುರಿದುಕೊಂಡಿದ್ದ. ದೂರು ದಾಖಲಾಯಿತು. ಸ್ಥಳ ಮಹಜರಿನಲ್ಲಿ ಇಕ್ಕಳದಿಂದ ಕತ್ತರಿಸಿದ ಗುರುತು, ಕಂಬದ ಬುಡದಲ್ಲಿ ಏಣಿ ಊರಿದ ಎರಡು ಕುಳಿ ನಮೂದಾದವು. ಶುಕ್ರವಾರ ಮಧ್ಯಾಹ್ನ ಫೈವೆಲ್ ನೋಡಿದಾಗ ತಂತಿ ಸರಿಯಾಗಿತ್ತು.

“ಯಾರ ಮೇಲೆ ಅನುಮಾನ?”

ಫೈವೆಲ್ ಗಡ್ಡ ಕೆರೆದುಕೊಂಡ. ಧರ್ಮ ಕಲಿಸುವ ಶಾಲೆ ಕಟ್ಟಿದ ಹಿರಿಯ ರಬ್ಬಿ ತೀರಿಕೊಂಡ ಮೇಲೆ ಅದರ ಯಜಮಾನಿಕೆಗೆ ಮಗ ಅಶೇರ್ ಮತ್ತು ಅಳಿಯ ಮೆನಾಶೆ ಕಿತ್ತಾಡಿದ್ದರು. ಸರ್ಕಾರಿ ಕೋರ್ಟಿಗೆ ಹೋಗದೆ ಮೂವರು ರಬ್ಬಿಗಳ ಪಂಚಾಯಿತಿಗೆ ಒಪ್ಪಿಸಿದ್ದರು. ಕಳೆದ ಸೋಮವಾರ ಶಾಲೆ ಅಶೇರನ ಪಾಲಾಯಿತು. ತಂತಿಯ ಹೊಣೆಯೂ ಶಾಲೆಯದೇ. ಯಜಮಾನನಾಗಿ ಅಶೇರ್ ಶನಿವಾರ ಇಡೀ ಕೇರಿಗೆ ತನ್ನ ಮೊದಲ ಔತಣ ಕೊಟ್ಟಿದ್ದ.

ಮೆನಾಶೆ ಜಾಲ್ಟ್ಸ್ ಬಾಗಿಲಲ್ಲೇ ನಿಂತು ಉತ್ತರಿಸಿದರು.

“ಶುಕ್ರವಾರ ಮಧ್ಯಾಹ್ನದ ಮೇಲೆ ಎಲ್ಲಿದ್ರಿ?”

“ಓದ್ತಾ ಇದ್ದೆ.”

“ಯಾರು ನೋಡಿದ್ರು?”

“ದೇವರು.”

“ಅವರ ಹೇಳಿಕೆ ಬರ್ಕೊಳ್ಳೋಕಾಗಲ್ಲ ರಬ್ಬಿಗಳೇ.”

“ಹಾಗಾದ್ರೆ ಅಶೇರನ್ನ ಕೇಳಿ. ಮೊದಲ ಶಬ್ಬಾತಿಗೇ ಊರಿಗೆಲ್ಲ ಪಾಪ ಬಡಿಸಿದ ಪುಣ್ಯಾತ್ಮ ಅವನೇ ತಾನೆ?”

ಜೀಪಿನಲ್ಲಿ ಮಗ್ವಾಯರ್ ಪ್ರೂಯಿಟ್‌ಗೆ ಹೇಳಿದಳು: “ಬೇಲಿ ಇಲ್ಲ ಅಂತ ಗೊತ್ತಿದ್ದದ್ದು ಕತ್ತರಿಸಿದವನಿಗೆ ಮಾತ್ರ. ಹೊರಗಿನ ಪುಂಡನಾದ್ರೆ ಅವನಿಗೆ ಆ ಪಾಪದ ಚಿಂತೆ ಇಲ್ಲ. ಒಳಗಿನವನಾದ್ರೆ ನಿನ್ನೆ ಏನನ್ನೂ ಹೊತ್ತಿರಲ್ಲ. ತನ್ನವರಿಗೂ ಹೊರೋಕೆ ಬಿಟ್ಟಿರಲ್ಲ.”

ಇಬ್ಬರೂ ಮನೆಮನೆ ವಿಚಾರಿಸಿದರು. ಮೂರನೆಯ ಮನೆಯ ಹೆಂಗಸು ಆಲೂಗಡ್ಡೆ ತುರಿಯುತ್ತಲೇ ಹೇಳಿದಳು: “ಎಲ್ಲರೂ ಬಂದಿದ್ರು. ಮೆನಾಶೆ ಹೆಂಡ್ತಿ ಗಿಟ್ಲ್ ಕೂಡ ಕುಗಲ್ ತಿಂಡಿ ತಟ್ಟೆ ಹಿಡ್ಕೊಂಡು ಬಂದ್ಲು. ಸ್ವಂತ ಅಣ್ಣನ ಔತಣ ಅಲ್ವೇ? ಮಗಳು ರೈಜಿ ಮಾತ್ರ ಪತ್ತೆ ಇಲ್ಲ. ಆ ಹುಡುಗಿಗೆ ಸೋದರಮಾವ ಅಂದ್ರೆ ಪ್ರಾಣ!”

ರೈಜಿ ತನ್ನ ಮನೆ ಬಾಗಿಲಿಗೆ ಸೊಂಟದ ಮೇಲೆ ಮಗುವನ್ನು ಕೂರಿಸಿಕೊಂಡೇ ಬಂದಳು.

“ಪ್ರತಿ ಶಬ್ಬಾತ್ ಮಗೂನ ತಳ್ಳುಗಾಡೀಲಿ ಕರ್ಕೊಂಡು ಹೋಗ್ತೀರಂತೆ?”

“ಹೂಂ.”

“ನಿನ್ನೆ ಯಾಕಿಲ್ಲ?”

“ಶುಕ್ರವಾರ ದೀಪ ಹಚ್ಚೋ ಮುಂಚೆ ಅಪ್ಪ ಫೋನ್ ಮಾಡಿದ್ರು. ಮಗೂಗೆ ನೆಗಡಿ, ನಾಳೆ ಗಾಡಿ ಹೊರಗೆ ತೆಗೀಬೇಡ ಅಂದ್ರು.”

“ನೆಗಡಿ ಇತ್ತಾ?”

ರೈಜಿ ಮಗುವಿನ ಮುಖ ನೋಡಿದಳು.

“ಇರ್ಲಿಲ್ಲ.”

ಮೆನಾಶೆಯ ಶೆಡ್ಡಿನಲ್ಲಿ ಇಕ್ಕಳವೂ, ಕಾಲಿಗೆ ಮಿಲ್ ರೋಡಿನ ಕೆಮ್ಮಣ್ಣು ಮೆತ್ತಿದ ಏಣಿಯೂ ಸಿಕ್ಕವು. ಪಂಚರ ಸಹಿ ಹಾಕಿಸಿ ವಶಪಡಿಸಿಕೊಂಡು, ಸಂಜೆ ಐದಕ್ಕೆ ಅವರನ್ನು ಬಂಧಿಸಿದರು. ಮೆನಾಶೆ ಅಲ್ಲಗಳೆಯಲಿಲ್ಲ. ಸೈಕಲ್ ಸವಾರ ಹೇಗಿದ್ದಾನೆಂದು ಮಾತ್ರ ಕೇಳಿದರು.

“ಅಶೇರ್ ಈ ಊರಲ್ಲಿ ತಲೆ ಎತ್ತಬಾರದಿತ್ತು,” ಎಂದರು.

“ಮಗಳನ್ನ ತಪ್ಪಿಸಿದ್ರಿ. ಹೆಂಡತಿಗೆ ಯಾಕೆ ಹೇಳಲಿಲ್ಲ?”

ಗಿಟ್ಲ್ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಮೆನಾಶೆ ಅತ್ತ ತಿರುಗದೆ ಕೋಟಿನ ಗುಂಡಿ ಹಾಕಿಕೊಂಡರು.

“ಆ ಮೂವರು ರಬ್ಬಿಗಳ ಮುಂದೆ, ‘ಶಾಲೆ ಅಣ್ಣನಿಗೇ ಅಂತ ಅಪ್ಪ ಹೇಳಿದ್ರು’ ಅಂತ ಸಾಕ್ಷಿ ನುಡಿದವಳು ಅವಳು. ನಿನ್ನೆ ಎರಡೂ ಕೈಲಿ ತಟ್ಟೆ ಹಿಡ್ಕೊಂಡು ಹೊರಟಳು. ಬಾಗಿಲು ತೆಗೆಯೋಕೆ ಕೈ ಖಾಲಿ ಇರಲಿಲ್ಲ.”

ಕೊನೆಯ ಗುಂಡಿ ಹಾಕಿಕೊಂಡು ಹೇಳಿದರು: “ನಾನೇ ತೆಗೆದುಕೊಟ್ಟೆ.”