ಒಳಕೋಣೆಯ ಅಳತೆ

ಲೆಕ್ಕದಲ್ಲಿ ನಾನು ದಡ್ಡಿಯೇ. ಆದರೆ ಈ ಅಳತೆಯಲ್ಲಿ ತಪ್ಪಿಲ್ಲ.

ಅಕ್ಕ ಭಾವ ಕೊಂಡ ಹಳೇ ಮನೆಯ ರಿಪೇರಿಗೆ ನಾನೂ ಅಪ್ಪನೂ ಹೋಗಿದ್ದೆವು. ಒಳಕೋಣೆಗೆ ಟೈಲ್ಸ್ ಹಾಕಬೇಕಿತ್ತು. ಟೇಪಿನ ಒಂದು ತುದಿ ನಾನು ಹಿಡಿದೆ, ಇನ್ನೊಂದು ಭಾವ. ಸರಿಯಾಗಿ ಹನ್ನೆರಡು ಅಡಿ. ಮರುದಿನ ನೋಡಿದರೆ ಕೊನೆಯ ಸಾಲು ಕೂರಲೇ ಇಲ್ಲ. ಎರಡು ಇಂಚು ಜಾಗ ಸಾಲದು.

"ಆರನೇ ಕ್ಲಾಸಿಗೇ ಶಾಲೆ ಬಿಟ್ಟವಳ ಕೈಗೆ ಟೇಪ್ ಕೊಟ್ರಲ್ಲ, ನಿಮ್ಮ ಬುದ್ಧಿಗೇನಾಯ್ತು?" ಎಂದು ಅಕ್ಕ ಭಾವನನ್ನು ಛೇಡಿಸಿದಳು. ಗಾರೆ ಕಲಸುತ್ತಿದ್ದ ಅಪ್ಪನೂ ನಕ್ಕರು.

ಆಮೇಲೆ ದಿನಾ ಬೆಳಿಗ್ಗೆ ಒಬ್ಬಳೇ ಅಳೆದೆ. ಹನ್ನೊಂದೂವರೆ. ಹನ್ನೊಂದು. ಹೊರಗಿನಿಂದ ಅಳೆದರೆ ಗೋಡೆ ಇದ್ದಷ್ಟೇ ಇತ್ತು. ಒಣಗಿದ ಗಾರೆ ಮುಟ್ಟಿದರೆ ಜ್ವರ ಬಂದವರ ಹಣೆಯಂತೆ ಸುಡುತ್ತಿತ್ತು. ಕಸ ಗುಡಿಸಿ ಪೊರಕೆ ಕೆಳಗಿಟ್ಟ ಮೇಲೂ ಗೋಡೆಯ ಒಳಗೆ ಯಾರೋ ಗುಡಿಸುತ್ತಲೇ ಇದ್ದರು.

ಭಾವ ಹೆದರಿ ಹೊರಗೆ ಮಲಗತೊಡಗಿದರು. ಅಕ್ಕ ಮಾತ್ರ ಕೋಣೆ ಬಿಡಲಿಲ್ಲ. ಅಷ್ಟರಲ್ಲಿ ಅದು ಐದಡಿಗೆ ಇಳಿದಿತ್ತು.

"ದಮ್ಮಯ್ಯ ಅಕ್ಕ, ನಮ್ಮನೆಗೆ ಹೋಗೋಣ ಬಾ."

"ಎಂಟು ವರ್ಷ ಅತ್ತೆಮನೆ ಹಜಾರದಲ್ಲಿ ಮಲಗಿದೀನಿ ಕಣೇ. ಈಗ ನಂದೂ ಅಂತ ಒಂದು ಕೋಣೆ ಸಿಕ್ಕಿದೆ. ಎಲ್ಲಿ ಇಕ್ಕಟ್ಟಾಗಿದೆ, ತೋರಿಸು?"

ನಿಜವೇ. ಅವಳು ಕಾಲು ಚಾಚಿ ಆರಾಮಾಗಿ ಮಲಗಿದ್ದಳು. ಕೈಹಿಡಿದು ಎಬ್ಬಿಸಿ ನಿಲ್ಲಿಸಿದೆ. ಮೊನ್ನೆಮೊನ್ನೆಯವರೆಗೂ ನನ್ನ ನೆತ್ತಿಯ ಮೇಲೆ ಗಲ್ಲವೂರಿ ಮಾತಾಡುತ್ತಿದ್ದ ಅಕ್ಕ, ನನ್ನ ಹೆಗಲವರೆಗೂ ಬರಲಿಲ್ಲ.